ಶೀಸೆಯಲ್ಲಿ ಹುಟ್ಟಿದ ಜರೀಗಿಡ

ಹಿಲ್ಲೂರಿನ ನಮ್ಮ ಮನೆಯ ಹಿಂಬದಿಗೆ ಹತ್ತು ಹನ್ನೆರಡು ಅಡಿ ಎತ್ತರದ ಒಂದು ಧರೆಯಿದೆ. ಮನೆ ಕಟ್ಟಲು ಹಿರಿಯರು ಗುಡ್ಡವನ್ನು ಕಡಿದಾಗ ಹಾಗೆಯೇ ನಿಂತುಕೊಂಡ, ಕೆಂಪು ಮಣ್ಣಿನ ನಡುವೆ ಅಲ್ಲಲ್ಲಿ ಚಿರೆಕಲ್ಲು ಇಣುಕುವ ಗೋಡೆ ಅದು. ಬೇಸಗೆಯಲ್ಲಿ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಮಳೆ ಹಿಡಿದು ಹದಿನೈದು ದಿನ ಕಳೆಯಿತೆಂದರೆ ಅದರ ರೂಪವೇ ಬೇರೆ. ಮೇಲಿನ ಗುಡ್ಡದ ನೀರು ಒಸರಿ ಒಸರಿ ಇಳಿಯತೊಡಗುತ್ತದೆ. ಮೊದಲು ಹಾವಸೆ, ಅದರ ಮೈಮೇಲೆ ಕೂದಲೆಳೆಯಂಥ ಕಪ್ಪು ದಂಟಿನ ಜರೀಗಿಡಗಳು, ಶ್ರಾವಣದ ಹೊತ್ತಿಗೆ ಅವುಗಳ ನಡುವೆ ಕಾಡು ಕರ್ಣಕುಂಡಲದ ಗುಲಾಬಿ ಹೂಗಳು. ಯಾರೂ ನೆಟ್ಟದ್ದಲ್ಲ, ಯಾರೂ ನೀರೆರೆದದ್ದಲ್ಲ.

ಕಳೆದ ಮಳೆಗಾಲದಲ್ಲಿ ಒಂದು ದಿನ ನನ್ನ ತಂಗಿಯ ಮಗಳು ಈ ಧರೆಯ ಎದುರು ಕೊಡೆ ಹಿಡಿದು ಬಹಳ ಹೊತ್ತು ನಿಂತಿದ್ದಳು. ಕಟ್ಟಡಗಳ ಒಳಾಂಗಣವನ್ನು ರೂಪಿಸುವುದು ಆಕೆಯ ವೃತ್ತಿ. ದೂರದ ನಗರವೊಂದರಲ್ಲಿ, ಸಾರ್ವಜನಿಕರು ದಿನವೂ ಬಂದುಹೋಗುವ ಕಟ್ಟಡದ ಒಳಗೆ, 200 ಚದರಡಿಯ ಹಸಿರು ಗೋಡೆಯನ್ನು ಎಬ್ಬಿಸುವ ಕೆಲಸ ಆಕೆಯ ಪಾಲಿಗೆ ಬಂದಿತ್ತು. ಚೌಕಟ್ಟು, ನೀರಿನ ಕೊಳವೆ, ದೀಪ ಎಲ್ಲವೂ ಗೊತ್ತಾಗಿದ್ದವು. ಚದರ ಮೀಟರಿಗೆ 20 ಗಿಡಗಳ ಲೆಕ್ಕದಂತೆ 350ಕ್ಕೂ ಹೆಚ್ಚು ಗಿಡಗಳು ಬೇಕು. ಪೇಟೆಯಲ್ಲಿ ಸಿಗುವ ಪರದೇಶದ ಬಳ್ಳಿಗಳು ಆಕೆಗೆ ಬೇಡ, ನಮ್ಮ ಘಟ್ಟದ ಬುಡದ ಜರೀಗಿಡಗಳೇ ಬೇಕು. ಮಾವ ಹ್ಞೂಂ ಎಂದರೆ ನಾಲ್ಕು ಆಳುಗಳಿಂದ ಎರಡು ದಿನದಲ್ಲಿ ಈ ಧರೆಯನ್ನೂ ಹಳ್ಳದ ದಂಡೆಯನ್ನೂ ಕೆತ್ತಿಸಿ, ಒದ್ದೆ ಗೋಣಿಯಲ್ಲಿ ಕಟ್ಟಿಕೊಂಡು ಹೋಗುವೆನೆಂದಳು. ಮನೆಯ ಮಗಳು ಕೇಳಿದ್ದು, ಇಲ್ಲವೆನ್ನಲು ನಾಲಗೆ ಏಳಲಿಲ್ಲ. ನಾಳೆ ಹೇಳುತ್ತೇನೆಂದು ಒಳಗೆ ಬಂದೆ.

ಆ ರಾತ್ರಿ ಮಳೆಯ ಸದ್ದು ಕೇಳುತ್ತ ಮಲಗಿದ್ದಾಗ, ಸಸ್ಯಶಾಸ್ತ್ರವನ್ನು ಕಲಿಸಿ ನಿವೃತ್ತನಾದ ನನ್ನ ಕಣ್ಣ ಮುಂದೆ ಬಂದು ನಿಂತವನು ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ಎಂಬ ಲಂಡನ್ನಿನ ಡಾಕ್ಟರು. ತೋಟಗಾರಿಕೆಯ ಚರಿತ್ರೆಯನ್ನು ಬಲ್ಲವರಿಗೆಲ್ಲ ವಾರ್ಡಿಯನ್ ಪೆಟ್ಟಿಗೆಯ ಹೆಸರು ಗೊತ್ತು. ಆ ಪೆಟ್ಟಿಗೆಗೂ ಮೊದಲು ಆತನು ಒಂದು ಹಸಿರು ಗೋಡೆಯನ್ನು ಕಟ್ಟಿ ಸೋತಿದ್ದನೆಂಬುದನ್ನು ನೆನೆಯುವವರು ಕಡಿಮೆ. ನನಗೆ ಆ ಗೋಡೆಯೇ ಮುಖ್ಯವಾಗಿ ಕಂಡಿತು.

ವಾರ್ಡನು 1791ರಲ್ಲಿ ಲಂಡನ್ ನಗರದಲ್ಲಿ ಹುಟ್ಟಿದನು. ತಂದೆಯೂ ವೈದ್ಯನೇ. ಹುಡುಗನಿಗೆ ಕಡಲಿನ ಹುಚ್ಚು. 13ನೆಯ ವಯಸ್ಸಿನಲ್ಲಿ ಅವನನ್ನು ಹಡಗು ಹತ್ತಿಸಿ ಜಮೈಕಾ ದ್ವೀಪಕ್ಕೆ ಕಳುಹಿಸಿದರು. ನಾವಿಕನ ಬಾಳು ಎಷ್ಟು ಕಠಿಣವೆಂಬುದನ್ನು ಆ ಒಂದೇ ಯಾತ್ರೆ ಅವನಿಗೆ ತಿಳಿಸಿಕೊಟ್ಟಿತು, ಕಡಲಿನ ಹುಚ್ಚು ಇಳಿಯಿತು. ಆದರೆ ಅದರ ಸ್ಥಾನದಲ್ಲಿ ಇನ್ನೊಂದು ಹತ್ತಿಕೊಂಡಿತು. ಆ ದ್ವೀಪದ ತಾಳೆಮರಗಳನ್ನೂ ಜರೀಗಿಡಗಳನ್ನೂ ಕಂಡ ಕಣ್ಣುಗಳು ಮತ್ತೆ ಹಸಿರನ್ನು ಮರೆಯಲಿಲ್ಲ. ಊರಿಗೆ ಮರಳಿ ವೈದ್ಯಶಾಸ್ತ್ರವನ್ನು ಓದಿ, ತಂದೆಯ ತರುವಾಯ ವೆಲ್‌ಕ್ಲೋಸ್ ಚೌಕದ ಮನೆಯಲ್ಲಿ ರೋಗಿಗಳನ್ನು ನೋಡುತ್ತ ನೆಲೆನಿಂತನು.

ಈ ಚೌಕವಿದ್ದದ್ದು ಲಂಡನ್ನಿನ ಪೂರ್ವಭಾಗದಲ್ಲಿ, ಹಡಗುಕಟ್ಟೆಗಳ ಮಗ್ಗುಲಲ್ಲಿ. ಸುತ್ತಲೂ ಕಾರ್ಖಾನೆಗಳು, ಕಲ್ಲಿದ್ದಲಿನ ಹೊಗೆ, ಇಕ್ಕಟ್ಟಿನ ಕೇರಿಗಳಲ್ಲಿ ಕೂಲಿಕಾರರ ಬಿಡಾರಗಳು. ವಾರ್ಡನು ಬೆಳಗಿನ ಜಾವಕ್ಕೇ ಎದ್ದು ಊರಹೊರಗಿನ ಬಯಲಿನಲ್ಲಿ ಸಸ್ಯಗಳನ್ನು ಹುಡುಕಿ, ರೋಗಿಗಳು ಬರುವ ಹೊತ್ತಿಗೆ ಮನೆ ಸೇರುತ್ತಿದ್ದನು. ಹೀಗೆ ಕೂಡಿಸುತ್ತ ಬಂದ ಆತನ ಒಣಸಸ್ಯಗಳ ಸಂಗ್ರಹವು 25,000 ಮಾದರಿಗಳಷ್ಟಾಯಿತೆಂದು ಬಲ್ಲವರು ಹೇಳುತ್ತಾರೆ. ಒಣಗಿದ ಗಿಡ ಎಷ್ಟಿದ್ದರೇನು? ಮನೆಯ ಹಿತ್ತಿಲಲ್ಲಿ ಒಂದು ಹಸಿ ಗೋಡೆಯನ್ನು ಕಾಣಬೇಕೆಂಬುದು ಆತನ ಆಸೆ.

ಆತನು ಹಿತ್ತಿಲಲ್ಲಿ ಕಲ್ಲುಗಳನ್ನು ಒಟ್ಟಿ ಬಂಡೆಯ ಹಾಗೆ ಒಂದು ಕಟ್ಟು ನಿಲ್ಲಿಸಿದನು. ಅದರ ನೆತ್ತಿಯ ಉದ್ದಕ್ಕೂ ತೂತುಗಳಿರುವ ಕೊಳವೆಯನ್ನು ಹಾಯಿಸಿ, ನೀರು ತೊಟ್ಟಿಕ್ಕುತ್ತ ಕಲ್ಲಿನ ಮೈಮೇಲೆ ಇಳಿಯುವಂತೆ ಮಾಡಿದನು. ಸಂದುಗಳಲ್ಲಿ ಕಾಡಿನಿಂದ ತಂದ ಜರೀಗಿಡ, ಹಾವಸೆಗಳನ್ನು ನೆಟ್ಟನು. ನಮ್ಮ ಧರೆಗೆ ಮಳೆಗಾಲ ಮಾಡುವ ಉಪಚಾರವನ್ನೇ ಆತನು ಕೊಳವೆಯಿಂದ ಮಾಡಿದನೆನ್ನಬಹುದು. ಇಂದಿನ ಹಸಿರು ಗೋಡೆಯ ನಕ್ಷೆಯನ್ನು ಬಿಡಿಸಿ ನೋಡಿ: ಮೇಲೆ ತೂತಿನ ಕೊಳವೆ, ನಡುವೆ ಬೇರು ಹಿಡಿಯುವ ಒಡಲು, ಇಳಿದುಬರುವ ನೀರು. ಸುಮಾರು ಇನ್ನೂರು ವರ್ಷಗಳ ಹಿಂದೆ ಆ ಹೊಗೆಯ ಹಿತ್ತಿಲಲ್ಲಿ ಇದ್ದದ್ದೂ ಅದೇ. ಆದರೂ ಗಿಡಗಳು ಒಂದೊಂದಾಗಿ ಸೊರಗಿ ಸತ್ತವು. ನೀರು ಸಾಲದೆ ಅಲ್ಲ. ಸುತ್ತಲಿನ ಚಿಮಣಿಗಳ ಮಸಿಯು ಎಲೆಯ ಮೇಲೆ ಕೂತು ಅವುಗಳ ಉಸಿರನ್ನೇ ಕಟ್ಟಿತ್ತು. ಡಾಕ್ಟರು ಕೈಚೆಲ್ಲಿದನು.

1829ರ ಬೇಸಗೆಯಲ್ಲಿ ಆತನ ಆಸಕ್ತಿ ಬೇರೊಂದು ಕಡೆ ಇತ್ತು. ಸ್ಫಿಂಕ್ಸ್ ಎಂಬ ದೊಡ್ಡ ಪತಂಗದ ಕೋಶವೊಂದು ಸಿಕ್ಕಿತ್ತು. ಅದು ಒಡೆದು ಪತಂಗ ಹೊರಬರುವುದನ್ನು ನೋಡಬೇಕೆಂದು ಅಗಲ ಬಾಯಿಯ ಗಾಜಿನ ಶೀಸೆಯಲ್ಲಿ ಒದ್ದೆ ಮಣ್ಣನ್ನು ತುಂಬಿ, ಕೋಶವನ್ನು ಅದರಲ್ಲಿ ಹೂತು, ಮುಚ್ಚಳ ಹಾಕಿಟ್ಟನು. ಪ್ರತಿದಿನ ಶೀಸೆಯನ್ನು ನೋಡುತ್ತಿದ್ದವನಿಗೆ ಒಂದು ಸಂಗತಿ ಕಂಡಿತು. ಹಗಲಿನ ಕಾವಿಗೆ ಮಣ್ಣಿನ ತೇವವು ಆವಿಯಾಗಿ ಏರಿ ಗಾಜಿನ ಒಳಮೈಗೆ ಹನಿಗಟ್ಟುತ್ತದೆ, ಮತ್ತೆ ಇಳಿದು ಮಣ್ಣನ್ನೇ ಸೇರುತ್ತದೆ. ನೀರು ಎಲ್ಲಿಯೂ ಕಳೆದುಹೋಗುವುದಿಲ್ಲ. ಪತಂಗ ಹೊರಬರಲು ಇನ್ನೊಂದು ವಾರ ಇದೆಯೆನ್ನುವಾಗ ಮಣ್ಣಿನ ಮೇಲೆ ಎರಡು ಹಸಿರು ಚುಕ್ಕೆಗಳು ತಲೆಯೆತ್ತಿದವು. ಒಂದು ಹುಲ್ಲು, ಇನ್ನೊಂದು ಜರೀಗಿಡ. ಹಿತ್ತಿಲಿನ ಗೋಡೆಯ ಮೇಲೆ ಎಷ್ಟು ಹಂಬಲಿಸಿದರೂ ಬದುಕದ ಕುಲವು, ಕರೆಯದೆ, ಕೇಳದೆ, ಕಿಟಕಿಯ ಬಳಿಯ ಶೀಸೆಯಲ್ಲಿ ಹುಟ್ಟಿಬಂದಿತ್ತು!

ಪತಂಗದ ಗತಿ ಏನಾಯಿತೋ, ವಾರ್ಡನ ಕಣ್ಣು ಅಲ್ಲಿಂದ ಮುಂದೆ ಶೀಸೆಯ ಗಿಡವನ್ನು ಬಿಟ್ಟು ಅಗಲಲಿಲ್ಲ. ತನ್ನ ಓದುವ ಕೋಣೆಯ ಉತ್ತರದ ಕಿಟಕಿಯ ಹೊರಗೆ ಅದನ್ನು ಇಟ್ಟನು. ಒಂದು ಹನಿ ನೀರು ಹಾಕದೆ ಅವು ಸುಮಾರು 4 ವರ್ಷ ಬದುಕಿದವು, ಹುಲ್ಲು ಒಮ್ಮೆ ಹೂವನ್ನೂ ಬಿಟ್ಟಿತು. ಕೊನೆಗೆ ಆತನು ಊರಲ್ಲಿಲ್ಲದಾಗ ಮುಚ್ಚಳವು ತುಕ್ಕು ಹಿಡಿದು, ಮಳೆನೀರು ಒಳನುಗ್ಗಿ ಎರಡೂ ಸತ್ತವು. ಅಷ್ಟರಲ್ಲಿ ಆತನಿಗೆ ತನ್ನ ಗೋಡೆಯ ಸಾವಿನ ಕಾರಣ ತಿಳಿದುಹೋಗಿತ್ತು. ಗಿಡಕ್ಕೆ ಬೇಕಾದದ್ದು ನೀರು ಮಾತ್ರವಲ್ಲ. ಮಸಿಯಿಲ್ಲದ, ತೇವವುಳ್ಳ, ಅಲುಗಾಡದ ಗಾಳಿ ಮತ್ತು ಬೇಕಾದಷ್ಟು ಬೆಳಕು. ಇವನ್ನು ಹಿಡಿದಿಟ್ಟುಕೊಟ್ಟರೆ ಕೊಳಕು ನಗರದ ನಡುವೆಯೂ ಕಾಡಿನ ಒಂದು ತುಣುಕು ಉಳಿಯುತ್ತದೆ.

ನ್ಯಾಯಕ್ಕಾಗಿ ಒಂದು ಮಾತು. ಇಂಥದೇ ಪ್ರಯೋಗವನ್ನು ಸ್ಕಾಟ್ಲೆಂಡಿನ ಮೆಕಾನಕಿ ಎಂಬವನು ಕೆಲವು ವರ್ಷ ಮೊದಲೇ ಮಾಡಿದ್ದನು, ಆದರೆ ಬರೆದು ಪ್ರಕಟಿಸಲಿಲ್ಲ. ವಾರ್ಡನು ಬರೆದನು, ತೋರಿಸಿದನು, ಕೇಳಿದವರಿಗೆಲ್ಲ ಹಂಚಿದನು. ಹಕ್ಕುಪತ್ರ ಮಾಡಿಸಿ ಹಣ ಗಳಿಸುವ ಗೋಜಿಗೆ ಹೋಗಲಿಲ್ಲ.

ಮುಂದಿನ ಪರೀಕ್ಷೆ ಕಡಲಿನ ಮೇಲೆ. ಆ ಕಾಲದಲ್ಲಿ ದೂರದೇಶದ ಗಿಡಗಳನ್ನು ಹಡಗಿನಲ್ಲಿ ತರುವುದೆಂದರೆ ಹೆಣಗಳನ್ನು ಹೊತ್ತು ತಂದಂತೆಯೇ. ಉಪ್ಪುಗಾಳಿಗೆ ಕೆಲವು, ಸಿಹಿನೀರಿಲ್ಲದೆ ಕೆಲವು, ಬಿಸಿಲು ಚಳಿಗಳಿಗೆ ಉಳಿದವು ಸಾಯುತ್ತಿದ್ದವು. ಹ್ಯಾಕ್ನಿಯ ಹೆಸರಾಂತ ಸಸ್ಯವ್ಯಾಪಾರಿ ಲಾಡಿಜಸನ ಲೆಕ್ಕದಲ್ಲಿ 20ರಲ್ಲಿ 19 ಸಾಯುವುದು ವಾಡಿಕೆ. ವಾರ್ಡನು 1833ರಲ್ಲಿ ಮರದ ಚೌಕಟ್ಟಿಗೆ ಗಾಜು ಕೂಡಿಸಿದ ಎರಡು ಪೆಟ್ಟಿಗೆಗಳಲ್ಲಿ ಜರೀಗಿಡ, ಹಾವಸೆ, ಹುಲ್ಲುಗಳನ್ನು ತುಂಬಿ, ಮ್ಯಾಲರ್ಡ್ ಎಂಬ ಕಪ್ತಾನನ ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಕಳುಹಿಸಿದನು. ತಿಂಗಳುಗಟ್ಟಲೆ ಕಡಲ ಮೇಲಿದ್ದು ಅವು ಜೀವಂತವಾಗಿ ತಲುಪಿದವು. 1834ರಲ್ಲಿ ಸಿಡ್ನಿಯಲ್ಲಿ ಅದೇ ಪೆಟ್ಟಿಗೆಗಳಿಗೆ ಅಲ್ಲಿಯ ಗಿಡಗಳನ್ನು ತುಂಬಿದರು. ಹಿಂತಿರುಗುವ ಹಾದಿ ಹಾರ್ನ್ ಭೂಶಿರವನ್ನು ಸುತ್ತಿ. ಒಂದೆಡೆ ಹಡಗಿನ ಅಟ್ಟದ ಮೇಲೆ ಹಿಮ ಬಿದ್ದಿತು, ಇನ್ನೊಂದೆಡೆ ಭೂಮಧ್ಯರೇಖೆಯ ಉರಿ. ಪೆಟ್ಟಿಗೆಗಳನ್ನು ಒಮ್ಮೆಯೂ ತೆರೆಯಲಿಲ್ಲ, ನೀರು ಹಾಕಲಿಲ್ಲ. ಲಂಡನ್ನಿನಲ್ಲಿ ಹಡಗು ಹತ್ತಿ ನೋಡಿದ ವಾರ್ಡ್ ಮತ್ತು ಲಾಡಿಜಸರ ಎದುರಿಗೆ, ಆ ದೇಶದಲ್ಲಿ ಅದುವರೆಗೆ ಯಾರೂ ಜೀವಂತವಾಗಿ ಕಾಣದಿದ್ದ ಆಸ್ಟ್ರೇಲಿಯದ ಜರೀಗಿಡವೊಂದು ಹಸಿರಾಗಿ ನಿಂತಿತ್ತು. ಅಲ್ಲಿಂದ ಮುಂದೆ ಲಾಡಿಜಸನ ಲೆಕ್ಕ ತಿರುವುಮುರುವಾಯಿತು: 20ರಲ್ಲಿ ಉಳಿಯುವವು 19.

ಗೌರವಗಳೂ ಬಂದವು. 1838ರಲ್ಲಿ ಮೈಕೇಲ್ ಫ್ಯಾರಡೆಯು ಈ ಪೆಟ್ಟಿಗೆಯ ವಿಷಯವಾಗಿ ಉಪನ್ಯಾಸ ಮಾಡಿದನು. 1842ರಲ್ಲಿ ವಾರ್ಡನ ಪುಸ್ತಕ ಹೊರಬಂದಿತು. 1852ರಲ್ಲಿ ಆತನು ರಾಯಲ್ ಸೊಸೈಟಿಯ ಸದಸ್ಯನಾದನು.

ಹಿತ್ತಿಲಿನ ಗೋಡೆಯನ್ನು ಆತನು ಮರೆತಿರಲಿಲ್ಲ. ಮನೆಯ ಮೆಟ್ಟಿಲಸಾಲಿನ ಕಿಟಕಿಗೆ ಹೊಂದಿಸಿ 8 ಅಡಿ ಚೌಕದ ಒಂದು ಗಾಜಿನ ಕೋಣೆಯನ್ನು ಕಟ್ಟಿದನು. ಅದರೊಳಗೆ 5 ಅಡಿ ಎತ್ತರದವರೆಗೆ ಕಲ್ಲುಗಳನ್ನು ಜೋಡಿಸಿ, ಟಿಂಟರ್ನ್ ಮಠದ ಪಾಳುಬಿದ್ದ ಕಿಟಕಿಯ ಪುಟ್ಟ ಪ್ರತಿರೂಪವನ್ನು ನಿಲ್ಲಿಸಿದನು. ಮೇಲೆ ಸುತ್ತಲೂ ತೂತಿನ ಕೊಳವೆ, ಬೇಕೆಂದಾಗ ಮಳೆ. ಈ ಸಲ ಜರೀಗಿಡಗಳು ಸಾಯಲಿಲ್ಲ. ಮನೆಯ ಒಳಗಿನಿಂದ ನೋಡಬಹುದಾದ, ಹೊಗೆಯ ನಗರದ ನಡುವೆ ಬದುಕಿದ ಹಸಿರು ಗೋಡೆಯಿದು. ಒಂದೇ ಕೊಳವೆ, ಒಂದೇ ಕಲ್ಲು, ಒಂದೇ ಗಿಡ. ಬದಲಾದದ್ದು ಗಾಳಿ ಮಾತ್ರ.

ಈ ಸುಖವು ಶ್ರೀಮಂತರ ದಿವಾನಖಾನೆಗೆ ಮೀಸಲಾಗಬಾರದೆಂದು ವಾರ್ಡನಿಗೆ ಮನಸ್ಸಿನಲ್ಲಿತ್ತು. ಆತನ ಪುಸ್ತಕದಲ್ಲಿ ನಗರದ ಬಡವರ ಬಾಳನ್ನು ಹಸನುಗೊಳಿಸುವ ವಿಷಯಕ್ಕೆ ಒಂದು ಅಧ್ಯಾಯವೇ ಇದೆ. ಬೆಳಕು ಗಾಳಿಗಳಿಲ್ಲದ ಕೋಣೆಯಲ್ಲಿ ಗಿಡ ಹೇಗೆ ಬಿಳಿಚಿಕೊಳ್ಳುವುದೋ ಮಗುವೂ ಹಾಗೆಯೇ ಬಿಳಿಚಿಕೊಳ್ಳುವುದೆಂಬುದು ದಿನವೂ ಅಂಥ ಕೋಣೆಗಳಿಗೆ ಹೋಗಿ ನಾಡಿ ಹಿಡಿಯುತ್ತಿದ್ದ ಆತನ ಅನುಭವ. ಅಗ್ಗದ ಗಾಜಿನ ಪೆಟ್ಟಿಗೆಯೊಂದು ಬಡವನ ಕಿಟಕಿಯಲ್ಲಿರಲಿ. ಹಳ್ಳಿಯ ಬಡವರು ಕಾಡಿನಿಂದ ಗಿಡಗಳನ್ನು ತಂದು ಪೇಟೆಯವರಿಗೆ ಒದಗಿಸಲಿ, ಬೆಳೆಸಿಯೂ ಕೊಡಲಿ. ಇಬ್ಬರಿಗೂ ಲಾಭವೆಂದು ಆತನು ಬಗೆದನು.

ಆತನು ಬಗೆದದ್ದರಲ್ಲಿ ಬೆಳೆಸುವ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತರುವ ಮಾತು ಮಾತ್ರ ನಡೆಯಿತು. 1845ರಲ್ಲಿ ಗಾಜಿನ ಮೇಲಣ ಸುಂಕ ರದ್ದಾದ ಮೇಲೆ ಪೆಟ್ಟಿಗೆಗಳು ಅಗ್ಗವಾದವು, ಇಂಗ್ಲೆಂಡಿನ ಮಧ್ಯಮವರ್ಗದ ಮನೆಮನೆಗೂ ಜರೀಗಿಡದ ಗೀಳು ಹತ್ತಿತು. 1855ರ ಹೊತ್ತಿಗೆ ಆ ಗೀಳಿಗೆ ಒಂದು ಹೆಸರೇ ಹುಟ್ಟಿಕೊಂಡಿತ್ತು. ರೈಲು ಹತ್ತಿದ ಜನ ಕಣಿವೆ ಕಣಿವೆಗೂ ಹೋಗಿ ಗಿಡಗಳನ್ನು ಬೇರುಸಹಿತ ಕಿತ್ತು ಬುಟ್ಟಿ ತುಂಬಿದರು. ವ್ಯಾಪಾರಿಗಳು ಕೂಲಿಯವರನ್ನು ಕಳುಹಿಸಿದರು. ಐರ್ಲೆಂಡಿನ ಕಿಲ್ಲಾರ್ನಿಯ ಜಲಪಾತಗಳ ಬಳಿ ಬೆಳೆಯುವ ಒಂದು ಜರೀಗಿಡದ ಎಲೆಯ ದಪ್ಪ ಒಂದೇ ಜೀವಕೋಶದಷ್ಟು. ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ. ವಾರ್ಡನು ತನ್ನ ಶೀಸೆಯ ತರುವಾಯ ಮೊದಮೊದಲು ಗಾಜಿನಲ್ಲಿ ಬೆಳೆಸಿದವುಗಳಲ್ಲಿ ಅದೂ ಒಂದು. ಅವನು ಅದನ್ನು ಬದುಕಿಸಬಹುದೆಂದು ತೋರಿಸಿಕೊಟ್ಟದ್ದೇ ಅದಕ್ಕೆ ಮುಳುವಾಯಿತು. ಕೆಲವೇ ದಶಕಗಳಲ್ಲಿ ಅದು ತನ್ನ ನೆಲೆಗಳಿಂದ ಬಹುಮಟ್ಟಿಗೆ ಅಳಿಸಿಹೋಯಿತು. ಆ ಡಾಕ್ಟರನನ್ನು ನಾನು ಬಹಳ ಪ್ರೀತಿಸುತ್ತೇನೆ. ಆದರೂ ಈ ಲೆಕ್ಕವನ್ನು ಅವನ ಹೆಸರಿನಿಂದ ಕಳೆಯಲಾರೆ.

ಪೆಟ್ಟಿಗೆಯ ದೊಡ್ಡ ಲೆಕ್ಕ ಸಾಮ್ರಾಜ್ಯದ ಪುಸ್ತಕದಲ್ಲಿದೆ. ರಾಬರ್ಟ್ ಫಾರ್ಚೂನನು 1848ರಿಂದ ಮೂರು ವರ್ಷಗಳಲ್ಲಿ ಸುಮಾರು 20,000 ಚಹಾ ಗಿಡಗಳನ್ನು ಚೀನದಿಂದ ಹಿಮಾಲಯದ ತಪ್ಪಲಿಗೆ ಸಾಗಿಸಿದ್ದು ಈ ಪೆಟ್ಟಿಗೆಯಲ್ಲಿ. 1876ರಲ್ಲಿ 1,919 ರಬ್ಬರ್ ಸಸಿಗಳು ಕ್ಯೂ ತೋಟದಿಂದ ಸಿಂಹಳಕ್ಕೆ ಹೊರಟದ್ದು ಇಂಥ 38 ಪೆಟ್ಟಿಗೆಗಳಲ್ಲಿ. ತೋಟಗಳು ಎದ್ದವು, ಅವುಗಳ ಜೊತೆಗೆ ತೋಟದ ಕೂಲಿಯ ಬವಣೆಯೂ ಎದ್ದಿತು. ಹಾಗೆಂದು ಬೈದು ಮುಗಿಸಲೂ ನನ್ನಿಂದಾಗದು. ನಮ್ಮ ಜಿಲ್ಲೆಯ ಘಟ್ಟದ ಬುಡದ ಹಳ್ಳಿಗಳನ್ನು ಚಳಿಜ್ವರವು ಒಂದು ಕಾಲದಲ್ಲಿ ಬರಿದುಮಾಡಿತ್ತು. ಆ ಜ್ವರಕ್ಕೆ ಮದ್ದಾದ ಕ್ವಿನೈನಿನ ಸಿಂಕೋನಾ ಗಿಡವನ್ನು ದಕ್ಷಿಣ ಅಮೆರಿಕದಿಂದ ನೀಲಗಿರಿಗೆ ತಂದದ್ದೂ ಈ ಪೆಟ್ಟಿಗೆಯೇ. ಮಾರ್ಕಮನು ತಂದ ಮೊದಲ ಗಿಡಗಳು ದಾರಿಯ ಸೆಕೆಯಿಂದ ಬಳಲಿ ಉಳಿಯಲಿಲ್ಲ. 1861ರಲ್ಲಿ ಬಂದ ಕೆಂಪು ತೊಗಟೆಯ ಗಿಡಗಳು ಉದಕಮಂಡಲದಲ್ಲಿ ಬೇರೂರಿದವು. ನಮ್ಮ ಮನೆಯ ಹಿರಿಯರಲ್ಲಿ ಯಾರು ಆ ಕಹಿಪುಡಿಯಿಂದ ಬದುಕಿದರೋ, ನಾನು ಯಾರ ಮೊಮ್ಮಗನೋ.

ವಾರ್ಡನು ಮುಪ್ಪಿನಲ್ಲಿ ಊರಹೊರಗಿನ ಕ್ಲ್ಯಾಪ್‌ಹ್ಯಾಮಿಗೆ ಮನೆ ಬದಲಿಸಿದನು. ಹೊಗೆ ಕಡಿಮೆಯಿದ್ದ ಆ ನೆಲದಲ್ಲಿ ಕಡೆಗೂ ತೆರೆದ ತೋಟವೊಂದು ಕೈಗೆ ಬಂತು. 1868ರ ಜೂನ್ 4ರಂದು ಸಸೆಕ್ಸಿನ ಕಡಲತೀರದಲ್ಲಿ ತೀರಿಕೊಂಡನು. ನಾರ್‌ವುಡ್ ಸ್ಮಶಾನದಲ್ಲಿರುವ ಆತನ ಗೋರಿಯ ಮೇಲೆ ಕಲ್ಲಿನ ಗುರುತಿಲ್ಲ.

ಹಸಿರು ಗೋಡೆಯು ಕಟ್ಟಡದ ಅಂಗವಾಗಿ ಮರಳಿ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಸ್ಟ್ಯಾನ್ಲಿ ಹಾರ್ಟ್ ವೈಟನು 1938ರಲ್ಲಿ ಗಿಡ ಹೊತ್ತ ಗೋಡೆಗೆ ಹಕ್ಕುಪತ್ರ ಪಡೆದನು. ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಪ್ಯಾಟ್ರಿಕ್ ಬ್ಲಾಂಕನು 1986ರಲ್ಲಿ ಪ್ಯಾರಿಸಿನ ವಿಜ್ಞಾನ ಮಂದಿರದಲ್ಲಿ ಮಣ್ಣೇ ಇಲ್ಲದ ಗೋಡೆಯನ್ನು ನಿಲ್ಲಿಸಿದನು. ಲೋಹದ ಚೌಕಟ್ಟು, ಅದರ ಮೇಲೆ ಪ್ಲಾಸ್ಟಿಕ್ ಹಲಗೆ, ಅದಕ್ಕೆ ಹೊದಿಸಿದ ದಪ್ಪ ಬಟ್ಟೆ. ಬೇರುಗಳು ಆ ಬಟ್ಟೆಯಲ್ಲೇ ಹರಡುತ್ತವೆ, ಮೇಲಿನ ಕೊಳವೆಯಿಂದ ಸಾರ ಬೆರೆಸಿದ ನೀರು ಇಳಿಯುತ್ತದೆ. 2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಬೆಂಗಳೂರು ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ಲಿನಲ್ಲಿಯೂ ಬ್ಲಾಂಕನು ರೂಪಿಸಿದ ಹಸಿರು ಗೋಡೆಗಳಿವೆ. ಕಲೆ ಬೆಳೆದಿದೆ, ವಾರ್ಡನ ಪಾಠ ಮಾತ್ರ ಹಳತಾಗಿಲ್ಲ. ಕಟ್ಟಡದೊಳಗೆ ಇಂದು ಮಸಿಯಿಲ್ಲ ನಿಜ. ಅದರ ಬದಲು ತಂಪುಯಂತ್ರದ ಒಣಗಾಳಿಯಿದೆ, ಕಿಟಕಿಯಿಂದ ನಾಲ್ಕು ಮಾರು ದೂರದಲ್ಲೇ ಸೋತುಹೋಗುವ ಬೆಳಕಿದೆ. ಗಿಡವು ಕೂಡಲೇ ಸಾಯುವುದಿಲ್ಲ. ತಾನು ಕೂಡಿಟ್ಟುಕೊಂಡದ್ದನ್ನು ತಿನ್ನುತ್ತ ಕೆಲವು ವಾರ ಹಸಿರಾಗಿಯೇ ಇರುತ್ತದೆ. ಆದ್ದರಿಂದ ಉದ್ಘಾಟನೆಯ ದಿನ ಎಲ್ಲ ಗೋಡೆಗಳೂ ಚೆಂದವೇ.

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಈ ಕಥೆಯನ್ನೆಲ್ಲ ತಂಗಿಯ ಮಗಳಿಗೆ ಹೇಳಿದೆ. ಹ್ಞೂಂ ಎನ್ನಲಿಲ್ಲ, ಉಹುಂ ಎನ್ನಲೂ ಇಲ್ಲ. ಇನ್ನೊಂದು ಸಂಗತಿಯನ್ನೂ ಸೇರಿಸಿದೆ. ನಮ್ಮ ಧರೆಯ ಕಪ್ಪು ದಂಟಿನ ಗಿಡ ಕಾರ್ತಿಕ ಕಳೆದ ಮೇಲೆ ಒಣಗಿ ಮಣ್ಣಿನೊಳಗೆ ಮಲಗಿಬಿಡುತ್ತದೆ, ಮುಂದಿನ ಮಳೆಗೇ ಏಳುವುದು. ಹನ್ನೆರಡು ತಿಂಗಳೂ ಎಚ್ಚರವಾಗಿರೆಂದು ಅದಕ್ಕೆ ಯಾವ ಗೋಡೆ ಹೇಳಿದರೂ ಕೇಳದು. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಕಿತ್ತುಕೊಂಡು ಹೋಗುವ ಮಾತನ್ನು ತಾನೇ ಬಿಟ್ಟಳು. ಸ್ವಲ್ಪ ಮುಖ ಸಪ್ಪಗೂ ಆಗಿತ್ತು, ಅದನ್ನು ಮುಚ್ಚಿಡಲಾರೆ. ಕೊನೆಗೆ ಎಲೆಯ ಬೆನ್ನಿನ ಕಂದು ಚುಕ್ಕೆಗಳ ಪುಡಿಯಿಂದ ಗಿಡ ಎಬ್ಬಿಸಲು ಎಷ್ಟು ತಿಂಗಳು ಬೇಕೆಂದು ಕೇಳಿದಳು.

ವರ್ಷದುದ್ದಕ್ಕೂ ಹಸಿರಾಗಿರುವ ಜಾತಿಗಳನ್ನು ಹಳ್ಳದ ನೆರಳಿನಲ್ಲಿ ಇಬ್ಬರೂ ಗುರುತಿಸಿದೆವು. ಒಂದೊಂದರಿಂದ ಎರಡೆರಡೇ ಎಲೆಗಳನ್ನು ಕತ್ತರಿಸಿ ಕಾಗದದ ಮಡಿಕೆಯಲ್ಲಿಟ್ಟು ಪುಡಿ ಉದುರಿಸಿಕೊಂಡೆವು. ಗೋಡೆಯ ಹೆಚ್ಚಿನ ಭಾಗಕ್ಕೆ ಸಸ್ಯಾಗಾರದಲ್ಲಿ ಬೆಳೆಸಿದ ಗಿಡಗಳನ್ನೇ ತರಿಸಿ, ನಡುವೆ ಒಂದು ಪಟ್ಟಿಯನ್ನು ಆಕೆ ಖಾಲಿ ಬಿಟ್ಟಿದ್ದಾಳೆ. ಕುದಿಯುವ ನೀರು ಹೊಯ್ದು ಆರಿಸಿದ ಮಣ್ಣನ್ನು ಉಪ್ಪಿನಕಾಯಿಯ ಆರು ಗಾಜಿನ ಭರಣಿಗಳಿಗೆ ತುಂಬಿ, ಪುಡಿ ಚಿಮುಕಿಸಿ, ಉತ್ತರದ ಕಿಟಕಿಯಲ್ಲಿ ಇಟ್ಟೆ. ಆರನೆಯ ವಾರ ನಾಲ್ಕರಲ್ಲಿ ಹಸಿರು ಪೊರೆ ಕಟ್ಟಿತು. ಈಗ ಭೂತಗನ್ನಡಿಯಲ್ಲಿ ನೋಡಿದರೆ ಉಗುರಿಗಿಂತ ಚಿಕ್ಕದಾದ ಹೃದಯದಾಕಾರದ ಎಲೆಗಳು, ಕೆಲವುಗಳ ನಡುವಿನಿಂದ ಮೊದಲ ಜರಿ ಸುರುಳಿ ಬಿಚ್ಚುತ್ತಿದೆ. ಆಕೆ ವಾರಕ್ಕೊಮ್ಮೆ ದೂರವಾಣಿಯಲ್ಲಿ ವಿಚಾರಿಸುತ್ತಾಳೆ. ಭರಣಿಗಳ ಮುಚ್ಚಳ ತಗಡಿನದು. ತುಕ್ಕು ಹಿಡಿದಿದೆಯೇ ಎಂದು ನಾನು ದಿನವೂ ನೋಡುತ್ತೇನೆ.